ಕಾಜಿಯ ಮಾತು, ಕಾತಿಬನ ಕೈ

ಭೀಮರಥಿಯು ಕರಿಬಂಡೆಗಳ ನಡುವೆ ಮೂರು ಬಾರಿ ಮೈಮುರಿದು ಪೂರ್ವಾಭಿಮುಖವಾಗಿ ಹರಿಯುವೆಡೆಯಲ್ಲಿ, ಏಳು ಹೆಬ್ಬಾಗಿಲುಗಳ ರೋಶನಾಬಾದ ನಗರವು ವೈಭವದ ತುತ್ತತುದಿಯಲ್ಲಿ ವಿರಾಜಿಸುತ್ತಿತ್ತು. ಭೂಪಟದಲ್ಲಿ ಅದನ್ನು ಹುಡುಕುವ ಶ್ರಮವನ್ನು ಓದುಗರು ತೆಗೆದುಕೊಳ್ಳಬಾರದು; ಕತೆ ಹೇಳುವವನ ಊರಿಗೆ ಭೂಪಟದ ಹಂಗಿಲ್ಲ. ಬೆಳಗಿನ ಬಿಸಿಲು ಬುರುಜುಗಳ ನೆತ್ತಿಗೆ ತಾಗುವ ಹೊತ್ತಿಗೆ ಅಲ್ಲಿನ ಪೇಟೆಯಲ್ಲಿ ಹೆಜ್ಜೆಯಿಡಲು ಜಾಗವಿರುತ್ತಿರಲಿಲ್ಲ. ಹುರ್ಮುಜಿನಿಂದ ಬಂದ ಕುದುರೆಗಳ ಬಾಯಿ ಬಿಡಿಸಿ ಹಲ್ಲೆಣಿಸುವ ಸರದಾರರು, ಜೋಳದ ರಾಶಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ಚೌಕಾಸಿಗೆ ನಿಂತ ಹೆಂಗಸರು, ನೀಲಿ ಪೇಟದ ಇರಾನಿ ವರ್ತಕರು, ಆಳೆತ್ತರದ ಈಟಿ ಹಿಡಿದ ಹಬಶಿ ಸಿಪಾಯಿಗಳು, ಕೊರಳಲ್ಲಿ ಕರಡಿಗೆ ತೂಗುವ ಬಣಜಿಗರು! ಕನ್ನಡ, ಮರಾಠಿ, ದಖನಿ, ಫಾರಸಿ ಈ ನಾಲ್ಕೂ ಭಾಷೆಗಳಲ್ಲಿ ಏಕಕಾಲಕ್ಕೆ ಬೈಸಿಕೊಳ್ಳಬೇಕಾದರೆ ಆ ಪೇಟೆಗೇ ಹೋಗಬೇಕೆಂದು ಜನ ನಗುತ್ತಿದ್ದರು.

ಅದೇ ನಗರದಲ್ಲಿ ಮಸೀದಿಯ ಬಾಂಗೂ ಒಂದೇ ತೆರನಾಗಿ ಕೇಳಿಸಿದ್ದು ಕಡಿಮೆ. ಪ್ರವಾದಿಗಳ ತರುವಾಯ ಮುಂದಾಳುತನವು ಅವರ ಮನೆತನಕ್ಕೇ ಸಲ್ಲಬೇಕಿತ್ತೆಂಬ ಶಿಯಾ ಪಂಥ ಒಬ್ಬ ಸುಲ್ತಾನರ ಕಾಲದಲ್ಲಿ ಮೇಲಾದರೆ, ಸಮುದಾಯದ ಹಿರಿಯರು ಆರಿಸಿದವರಿಗೆ ಸಂದದ್ದೇ ಸರಿಯೆಂಬ ಸುನ್ನಿ ಪಂಥ ಅವರ ಮಗನ ಕಾಲದಲ್ಲಿ ಮೇಲಾಗುತ್ತಿತ್ತು. ಈಗ ಪಟ್ಟದಲ್ಲಿದ್ದ ಇಪ್ಪತ್ತರ ಹರೆಯದ ಕಮಾಲ ಶಾಹರು ಸುನ್ನಿ ತಂದೆಯಿಂದ ಸಿಂಹಾಸನವನ್ನೂ ಇರಾನಿನಿಂದ ಬಂದ ಶಿಯಾ ತಾಯಿಯಿಂದ ಎದೆಹಾಲನ್ನೂ ಪಡೆದವರು. ಆ ತಾಯಿ ತೀರಿಹೋಗಿ ವರ್ಷ ತುಂಬಿರಲಿಲ್ಲ. ಗೋಡೆಗೂ ಕಿವಿಯಿರುತ್ತದೆಂಬುದು ಹಳೆಯ ಗಾದೆ; ರೋಶನಾಬಾದದ ಅರಮನೆಯ ಗೋಡೆಗಳಿಗೆ ಕಿವಿಯ ಜೊತೆಗೆ ನಾಲಗೆಯೂ ಇತ್ತು.

ಕಲ್ಲುಕುಟಿಗರ ಓಣಿಯ ಕೊನೆಯಲ್ಲಿ ಒಂದು ತಗ್ಗು ಮನೆ. ಅದರಲ್ಲಿ ವಾಸವಾಗಿದ್ದವರು ಮೀರ್ ಕವಾಮುದ್ದೀನರು, ಆಸ್ಥಾನದ ಕಾತಿಬರು, ಎಂದರೆ ರಾಜ್ಯದ ಹಿರಿಯ ಲಿಪಿಕಾರರು. ನಲವತ್ತೆರಡು ವರ್ಷಗಳ ಹಿಂದೆ ಆ ಇರಾನಿ ರಾಣಿಯ ಮದುವೆಯ ದಿಬ್ಬಣದೊಂದಿಗೆ ಶಿರಾಜಿನಿಂದ ಬಂದ ಶಿಯಾ ಮನುಷ್ಯ. ಇಲ್ಲಿಯ ನೇಕಾರರ ಮಗಳೊಬ್ಬಳನ್ನು ಲಗ್ನವಾದರು. ಎರಡನೆಯ ವರ್ಷವೇ ವಾಂತಿಭೇದಿ ಬಂದು ಬಸುರಿ ಹೆಂಗಸನ್ನು ಒಯ್ದಿತು. ಆಮೇಲೆ ಅವರು ಮದುವೆಯಾಗಲಿಲ್ಲ. ಮಸೀದಿಯ ಕಮಾನಿಗೆ, ಗೋರಿಯ ನೆತ್ತಿಗೆ, ನಾಣ್ಯದ ಅಚ್ಚಿಗೆ ಅವರದೇ ಅಕ್ಷರ. ಊರೆಲ್ಲ ದಿನಬೆಳಗಾದರೆ ಅವರ ಬರಹ ಓದುತ್ತಿತ್ತು, ಆದರೆ ಅವರ ಬಾಗಿಲು ತಟ್ಟುವವರಿರಲಿಲ್ಲ. ಹಬ್ಬದ ದಿನ ಓಣಿಯವರು ತಟ್ಟೆ ಕಳಿಸುತ್ತಿದ್ದರು. ಮುದುಕರು ಅದನ್ನು ಎದುರಿಗಿಟ್ಟುಕೊಂಡು ಬಹಳ ಹೊತ್ತು ಕೂತಿರುತ್ತಿದ್ದರು, ಒಬ್ಬನೇ ಉಣ್ಣುವುದು ಎಷ್ಟು ವರ್ಷವಾದರೂ ರೂಢಿಯಾಗದೆ.

ದರ್ಬಾರಿನಲ್ಲಿ ಅವರಿಗೆ ಇನ್ನೊಂದು ಹೊಣೆಯೂ ಇತ್ತು. ಯಾವುದಾದರೂ ಪತ್ರ, ಫರ್ಮಾನು ಖೋಟಾ ಎಂಬ ಸಂಶಯ ಬಂದರೆ, ಅದನ್ನು ಅವರ ಕೈಗೆ ಕೊಟ್ಟು ‘ಇದು ಯಾರ ಕೈ?’ ಎಂದು ಕೇಳುವುದು ವಾಡಿಕೆ. ಅವರು ಹೇಳಿದ್ದೇ ತೀರ್ಮಾನ. ಅವರು ಮಾತಾಡುವಾಗ ವಾದಿಯಾಗಲಿ ಪ್ರತಿವಾದಿಯಾಗಲಿ ಬಾಯಿ ತೆರೆಯುವಂತಿರಲಿಲ್ಲ. ಮೂವತ್ತು ವರ್ಷಗಳಲ್ಲಿ ಅವರು ಒಂದು ಸಲವೂ ಸುಳ್ಳಾಡಿದವರಲ್ಲ.

ಅವರ ಬಾಗಿಲು ತಟ್ಟುವವರಿರಲಿಲ್ಲ ಎಂದೆನಲ್ಲ, ಒಬ್ಬರಿದ್ದರು. ನಗರದ ನ್ಯಾಯ ನೋಡುವ ಕಾಜಿ ಬುರ್ಹಾನುದ್ದೀನರು. ಇದೇ ಮಣ್ಣಿನಲ್ಲಿ ಹುಟ್ಟಿದ ಸುನ್ನಿ ವಿದ್ವಾಂಸರು. ಮನೆ ತುಂಬ ಮಕ್ಕಳು ಮೊಮ್ಮಕ್ಕಳು. ದನಿ ಮಾತ್ರ ತಗಡು ಬಡಿದ ಹಾಗೆ. ಪ್ರತಿ ಗುರುವಾರ ಇಳಿಹೊತ್ತಿನ ನಮಾಜು ಮುಗಿಸಿ ಬಂದರೆ ಸೂರ್ಯಾಸ್ತದವರೆಗೂ ಇಬ್ಬರಿಗೂ ಧರ್ಮಗ್ರಂಥದ ವಾದ. ಅದಕ್ಕೊಂದು ವಿಚಿತ್ರ ಕಟ್ಟಳೆ ಹಾಕಿಕೊಂಡಿದ್ದರು. ತನ್ನ ವಾದವನ್ನು ತಾನು ಬರೆಯಕೂಡದು. ಸುನ್ನಿಗಳ ಮಾತನ್ನು ಶಿಯಾ ಮೀರ್ ಸಾಹೇಬರು ಬರೆಯಬೇಕು, ಶಿಯಾಗಳ ಮಾತನ್ನು ಸುನ್ನಿ ಕಾಜಿ ಸಾಹೇಬರು ಬರೆಯಬೇಕು. ಓದಿ ಹೇಳಿದಾಗ ಎದುರಾಳಿಯು ‘ಹೌದು, ನನ್ನ ಮನಸ್ಸಿನಲ್ಲಿದ್ದದ್ದು ಇದೇ’ ಎಂದು ಒಪ್ಪಿದ ಮೇಲೆಯೇ ಖಂಡನೆಗೆ ಬಾಯಿ ಹಾಕಬೇಕು. ಹಾಗೆ ಬರೆದ ದಪ್ಪ ಪುಸ್ತಕವೊಂದು ಮೀರ್ ಸಾಹೇಬರ ಗೋಡೆಯ ಗೂಡಿನಲ್ಲಿರುತ್ತಿತ್ತು. ಮೊದಮೊದಲು ಒಬ್ಬರ ವಾದ ಇನ್ನೊಬ್ಬರಿಗೆ ಬರೆಯಲು ಬರುತ್ತಲೇ ಇರಲಿಲ್ಲವಂತೆ. ಮೂರು ಮೂರು ಗುರುವಾರ ಒಂದೇ ಪುಟಕ್ಕೆ ಜಗಳ. ಈಗ ಎದುರಾಳಿ ಬಾಯಿ ಬಿಡುವ ಮೊದಲೇ ಬರೆದು ಮುಗಿಸುತ್ತಿದ್ದರು.

ಆ ಪುಸ್ತಕದಲ್ಲಿ ಅತಿ ಹೆಚ್ಚು ಪುಟ ತಿಂದದ್ದು ಕುರಾನಿನ ಒಂದು ನುಡಿ: ‘ಅಲ್ ಮವದ್ದತ ಫಿಲ್ ಕುರ್ಬಾ.’ ನಾನು ನಿಮ್ಮಿಂದ ಯಾವ ಪ್ರತಿಫಲವನ್ನೂ ಕೇಳುವುದಿಲ್ಲ, ಬಂಧುತ್ವದ ಪ್ರೀತಿಯೊಂದರ ಹೊರತು, ಎಂದು ದೇವರು ಪ್ರವಾದಿಗಳಿಂದ ಹೇಳಿಸಿದ ವಾಕ್ಯ. ಬಂಧುತ್ವ ಯಾರದು? ಪ್ರವಾದಿಗಳ ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು, ಇವರನ್ನು ಪ್ರೀತಿಸಿರಿ ಎಂಬ ಆಜ್ಞೆಯಿದು ಎನ್ನುತ್ತಾರೆ ಶಿಯಾಗಳು. ಮಕ್ಕಾದ ಕುಲಗಳೆಲ್ಲ ಪ್ರವಾದಿಗಳಿಗೆ ರಕ್ತಸಂಬಂಧಿಗಳೇ. ನನ್ನ ಮಾತು ಒಪ್ಪದಿದ್ದರೂ ನಮ್ಮ ನಡುವಿನ ನೆಂಟಸ್ತಿಕೆಗಾದರೂ ಬೆಲೆ ಕೊಟ್ಟು ನನ್ನನ್ನು ಹಿಂಸಿಸಬೇಡಿರಿ ಎಂಬ ಕೋರಿಕೆಯಿದು ಎನ್ನುತ್ತಾರೆ ಸುನ್ನಿಗಳಲ್ಲಿ ಬಹುಮಂದಿ.

“ಪ್ರವಾದಿಗಳ ಮನೆತನವನ್ನು ಪ್ರೀತಿಸದ ಸುನ್ನಿಯನ್ನು ತೋರಿಸಿ, ನಾನು ಗಡ್ಡ ಬೋಳಿಸುತ್ತೇನೆ!” ಎಂದು ಕಾಜಿಗಳು ಗುಡುಗುತ್ತಿದ್ದರು. “ಪ್ರೀತಿಯ ಬಗ್ಗೆ ತಕರಾರಿಲ್ಲ ಮೀರ್ ಸಾಹೇಬರೆ. ಈ ವಾಕ್ಯ ಯಾವಾಗ ಬಂತು, ಯಾರಿಗೆ ಬಂತು, ನನ್ನ ತಕರಾರು ಅಷ್ಟೇ.”

“ಗಡ್ಡ ಹೋದರೆ ನಿಮ್ಮ ಮೊಮ್ಮಕ್ಕಳು ಗುರುತು ಹಿಡಿಯಲಾರರು, ಬೇಡ ಬಿಡಿ,” ಎಂದು ಮೀರ್ ಸಾಹೇಬರು ನಗುತ್ತಿದ್ದರು. ಒಂದು ಸಲ ಮಾತ್ರ ನಗದೆ ಹೇಳಿದ್ದರು: “ಈ ವಾಕ್ಯ ಬರೆಯುವಾಗಲೆಲ್ಲ ನನಗೆ ನೋಯುತ್ತದೆ ಕಾಜಿ ಸಾಹೇಬರೆ. ಯಾರ ಬಂಧುತ್ವವೆಂದು ನಾವು ಹೊಡೆದಾಡುತ್ತೇವೆ. ನನಗೆ ಯಾರದೂ ಇಲ್ಲ.”

ಇಷ್ಟು ಕಾಲ ಇಬ್ಬರು ಮುದುಕರ ಹರಟೆಯಾಗಿದ್ದ ಈ ನುಡಿ ರಾಜಕಾರಣದ ಬಾಯಿಗೆ ಬಿದ್ದದ್ದು ರಾಣಿಯ ಗೋರಿಯಿಂದ. ತಾಯಿಯ ಗೋರಿಯ ದ್ವಾರದ ಮೇಲೆ ಈ ವಾಕ್ಯವನ್ನೇ ಕೆತ್ತಿಸಬೇಕೆಂದು ಸುಲ್ತಾನರು ಆಶಿಸಿದರು. ಅದು ಆಕೆಯ ಕೊನೆಯ ಇಚ್ಛೆ. ವಜೀರ ಸಫ್ದರ ಬೇಗರು ಆ ದುಃಖದ ಬಿಸಿಯಲ್ಲಿ ತಮ್ಮ ರೊಟ್ಟಿ ಬೇಯಿಸಿಕೊಂಡರು. ಈ ವಾಕ್ಯವು ಪ್ರವಾದಿಗಳ ಮನೆತನವನ್ನೇ ಕುರಿತದ್ದು, ಅಲ್ಲವೆನ್ನುವವನು ದಿವಂಗತ ರಾಣಿಯವರನ್ನೂ ಅವಮಾನಿಸಿದ ರಾಜದ್ರೋಹಿ ಎಂದು ಒಂದು ಫರ್ಮಾನು ಬರೆಸಿ ಸುಲ್ತಾನರ ಮೊಹರು ಒತ್ತಿಸಿದರು. ಮಗನಿಗೆ ಅದು ತಾಯಿಗೆ ಸಲ್ಲಿಸಿದ ಸೇವೆಯಾಗಿ ಕಂಡಿತು, ಪಾಪ.

ವಜೀರರಿಗೆ ವಾಕ್ಯದ ಅರ್ಥ ಎಲ್ಲಿ ಬೇಕಿತ್ತು! ಅವರ ಕಣ್ಣಿದ್ದದ್ದು ಬೇರೆ ಕಡೆ. ಸುಲ್ತಾನರ ಮಲತಮ್ಮ, ಹದಿನೆಂಟು ವರ್ಷದ ಶಹಜಾದಾ ಇಲಿಯಾಸರು ಕೋಟೆಯ ಬುರುಜಿನಲ್ಲಿ ಸೆರೆಯಲ್ಲಿದ್ದರು. ಆ ತರುಣನ ಕಣ್ಣಿಗೆ ಕಾದ ಸೂಜಿಯಿಳಿಸಿದರೆ ಸಿಂಹಾಸನಕ್ಕೆ ಎದುರಾಳಿ ಉಳಿಯುವುದಿಲ್ಲ, ಸುಲ್ತಾನರೂ ಶಾಶ್ವತವಾಗಿ ವಜೀರರ ಮುಷ್ಟಿಯಲ್ಲಿರುತ್ತಾರೆ. ಇದಕ್ಕೆ ಶುಕ್ರವಾರದ ದರ್ಬಾರಿನಲ್ಲಿ ಸಮ್ಮತಿಪತ್ರ ಸಿದ್ಧವಾಗಬೇಕು, ಅದರ ಮೇಲೆ ಕಾಜಿಯ ಮೊಹರು ಬೀಳಬೇಕು. ಕಾಜಿ ಬುರ್ಹಾನುದ್ದೀನರು ಮೂರು ಸಲ ‘ಇಲ್ಲ’ ಎಂದಿದ್ದರು. ಶಿಕ್ಷೆಗೊಳಗಾದವನು ಕಾಜಿಯಾಗಿರಲಾರ; ಅವನ ಜಾಗಕ್ಕೆ ಬರುವವನು ವಜೀರರು ಹೇಳಿದಲ್ಲಿ ಮೊಹರು ಒತ್ತುವವನು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಆ ಶುಕ್ರವಾರಕ್ಕೆ ಇನ್ನೂ ಒಂಬತ್ತು ದಿನವಿರುವಾಗ, ಬುಧವಾರ ಮಧ್ಯಾಹ್ನ, ವಜೀರರು ತಾವೇ ಪಲ್ಲಕ್ಕಿಯಲ್ಲಿ ಕಲ್ಲುಕುಟಿಗರ ಓಣಿಗೆ ಬಂದಿಳಿದರು. ಗೋರಿಯ ನಕ್ಷೆ ನೋಡುವ ನೆಪದಲ್ಲಿ ಬಂದುಹೋದ ಅವರ ಆಳೊಬ್ಬ ಆ ಪುಸ್ತಕವನ್ನು ಹಿಂದಿನ ವಾರವೇ ಎಗರಿಸಿಕೊಂಡು ಹೋಗಿದ್ದ. ಊರಿಗೆ ಹೊಸಬನಾದ ಮುನ್ಷಿಯೊಬ್ಬನಿಂದ ವಜೀರರು ಅದರ ಪ್ರತಿ ತೆಗೆಸಿ ಓದಿದ್ದರು.

“ಮೀರ್ ಸಾಹೇಬರೆ, ಎಂಥ ಹೊತ್ತು ಎಂಥವರೊಡನೆ ಕಳೆದಿರಿ!” ಎಂದರು ವಜೀರರು ಕನಿಕರದಿಂದ. “‘ಸುನ್ನಿಗಳು ಹೇಳುವುದೇನೆಂದರೆ’ ಎಂದು ಶುರುಮಾಡಿ ಕಾಜಿ ಪುಟಗಟ್ಟಲೆ ಬರೆದಿದ್ದಾನೆ, ಫರ್ಮಾನಿಗೆ ನೇರ ವಿರುದ್ಧವಾಗಿ. ಬರುವ ಮಂಗಳವಾರ ದರ್ಬಾರಿನಲ್ಲಿ ನಿಮ್ಮನ್ನು ಕೇಳುತ್ತೇವೆ, ಇದು ಯಾರ ಕೈ ಎಂದು. ಇದ್ದದ್ದು ಹೇಳಿದರಾಯಿತು. ಸುಳ್ಳು ಹೇಳೆಂದು ನಾನು ಯಾರಿಗೂ ಹೇಳುವವನಲ್ಲ.”

ಬೇರೆಯವರ ವಾದವನ್ನು ಒಬ್ಬನು ತನ್ನ ಕೈಯಾರೆ ಬರೆಯಬಹುದೆಂಬ ಸಂಗತಿ ಈ ಮನುಷ್ಯನ ತಲೆಗೆ ಹೊಳೆದೇ ಇಲ್ಲವೆಂಬುದು ಮೀರ್ ಸಾಹೇಬರಿಗೆ ಆ ಕ್ಷಣವೇ ತಿಳಿಯಿತು. ಕತ್ತಿಯ ಗಾಯ ನೋಡಿ ಹೊಡೆದವನ ಹೆಸರು ಹೇಳಬಲ್ಲ ಸಫ್ದರ ಬೇಗರಿಗೆ ಅಕ್ಷರದ ಜಾತಕ ಗೊತ್ತಿರಲಿಲ್ಲ.

ವಜೀರರು ಅಂಗಿಯ ತೋಳಿನೊಳಗಿನಿಂದ ಒಂದು ಪತ್ರ ತೆಗೆದರು. “ನಿಮ್ಮ ತಂಗಿಯ ಮಗ ಶಿರಾಜಿನಲ್ಲಿದ್ದಾನೆ. ಹುಡುಕಿಸಿದೆ. ‘ಮಾವ ಬದುಕಿದ್ದರೆ ಕಳುಹಿಸಿಕೊಡಿ, ನನ್ನ ಮಕ್ಕಳಿಗೆ ಹಿರಿಯರೆಂಬುವರಿಲ್ಲ’ ಎಂದು ಬರೆದಿದ್ದಾನೆ. ಮಂಗಳವಾರ ಕಳೆದ ಮರುದಿನವೇ ಬಂದರಿಗೆ ಹೊರಡಿರಿ. ಹಡಗು ಕಾದಿರುತ್ತದೆ.”

ಮುದುಕರು ಪತ್ರವನ್ನು ಎರಡು ಸಲ ಓದಿದರು. ತಂಗಿ ಸತ್ತದ್ದೂ ಅವರಿಗೆ ಗೊತ್ತಿರಲಿಲ್ಲ. ಆಕೆಗೊಬ್ಬ ಮಗ! ಅವನಿಗೆ ಮಕ್ಕಳು! ನಲವತ್ತೆರಡು ವರ್ಷ ಯಾವುದಕ್ಕಾಗಿ ಎದೆ ಒಣಗಿತ್ತೋ ಅದು ಹಾಳೆಯ ಮೇಲೆ ಕೂತು ಕರೆಯುತ್ತಿತ್ತು.

“ಯಾರ ಕೈಯೆಂದು ಕೇಳಿದರೆ, ಯಾರ ಕೈಯೋ ಅವರ ಹೆಸರನ್ನೇ ಹೇಳುತ್ತೇನೆ,” ಎಂದರು. ವಜೀರರು ತೃಪ್ತರಾಗಿ ಪಲ್ಲಕ್ಕಿ ಏರಿದರು.

ಆ ಮೇಲಿನ ದಿನಗಳನ್ನು ಮೀರ್ ಸಾಹೇಬರು ಹೇಗೆ ಕಳೆದರೋ ದೇವರಿಗೇ ಗೊತ್ತು. ಅತ್ತ ದರಿ, ಇತ್ತ ಪುಲಿ. ‘ಇದು ಕಾಜಿಯ ಕೈ’ ಎಂದರೆ ಶಿರಾಜು, ತಂಗಿಯ ಮಗ, ಮಕ್ಕಳ ಗಲಾಟೆ. ಇತ್ತ ಗೆಳೆಯನ ಸರ್ವನಾಶ, ಬುರುಜಿನಲ್ಲಿರುವ ತರುಣನಿಗೆ ಕತ್ತಲೆ. ‘ಬರೆದದ್ದು ನಾನು, ಹೇಳಿದ್ದು ಅವರು’ ಎಂದು ಪೂರ್ಣ ಸತ್ಯ ಹೇಳಿದರೂ ಕಾಜಿಗಳ ಗತಿ ಅದೇ. ಉಳಿದದ್ದು ಅರ್ಧ ಸತ್ಯ. ಅದರ ಬೆಲೆಯನ್ನು ತೆರಬೇಕಾದವರು ತಾವೊಬ್ಬರೇ.

ಮರುದಿನ ಗುರುವಾರ ಕಾಜಿಗಳು ಎಂದಿನಂತೆ ಬಂದರು. ಪುಸ್ತಕವೆಲ್ಲಿ ಎಂದಾಗ ಮೀರ್ ಸಾಹೇಬರು, ರಟ್ಟು ಬಿಚ್ಚಿತ್ತು, ಹೊಲಿಗೆಗೆ ಕೊಟ್ಟಿದ್ದೇನೆ ಎಂದರು. ಲಿಪಿಯ ವಿಷಯದಲ್ಲಿ ಎಂದೂ ಸುಳ್ಳಾಡದವರು ಬೇರೆ ವಿಷಯದಲ್ಲಿ ಸುಳ್ಳಾಡಬಲ್ಲರೆಂದು ಕಾಜಿಗಳು ಕನಸಿನಲ್ಲೂ ಎಣಿಸಿರಲಿಲ್ಲ.

“ವಜೀರ ಮತ್ತೆ ಹೇಳಿಕಳಿಸಿದ್ದ,” ಎಂದರು ಕಾಜಿಗಳು ಶರಬತ್ತು ಗುಟುಕರಿಸುತ್ತ. “ಈ ಬಾರಿ ಮೊಮ್ಮಗನಿಗೆ ಜಹಗೀರಿನ ಆಸೆ ತೋರಿಸಿದ್ದಾನೆ. ನಾನಂದೆ, ನನ್ನ ಬೆರಳಲ್ಲಿ ಈ ಮೊಹರಿರುವ ತನಕ ಆ ಹುಡುಗನ ಕಣ್ಣಿಗೆ ಭಯವಿಲ್ಲ ಅಂತ. ಒಬ್ಬನ ಕಣ್ಣು ಕೀಳಲಿಕ್ಕೆ ಶಾಸ್ತ್ರದ ಹೆಸರು! ಥೂ! ನೀವೇನು ಅಂತೀರಿ?”

“ಮೊಹರು ಭದ್ರವಾಗಿರಲಿ,” ಎಂದರು ಮೀರ್ ಸಾಹೇಬರು. “ಏನೇ ಆಗಲಿ, ಅದನ್ನು ಮಾತ್ರ ಬಿಡಬೇಡಿ.”

“ಇವತ್ತೇಕೋ ಮುಖ ಬಾಡಿದೆ. ಮೈ ಸರಿಯಿಲ್ಲವೇ? ಮನೆಗೆ ಬನ್ನಿ, ನನ್ನ ಸೊಸೆ ಕಷಾಯ ಮಾಡಿಕೊಡುತ್ತಾಳೆ.”

“ಇನ್ನೊಮ್ಮೆ ಬರುತ್ತೇನೆ.”

ಹೇಳಿಬಿಡಬೇಕೆಂದು ನಾಲಗೆಯ ತುದಿಗೆ ಬಂದಿತ್ತು. ಆದರೆ ಹೇಳಿದರೆ ಈ ತಗಡು ದನಿಯ ಮನುಷ್ಯ ನೆಟ್ಟಗೆ ಅರಮನೆಗೆ ಓಡಿ ತಪ್ಪೆಲ್ಲ ತನ್ನದೆಂದು ಕೊರಳೊಡ್ಡುವುದು ಖಂಡಿತ. ಆದ್ದರಿಂದ ಮೀರ್ ಸಾಹೇಬರು ತಮ್ಮ ಬಾಳಿನ ದೊಡ್ಡ ಸಂಗತಿಯನ್ನು ತಮ್ಮ ಒಬ್ಬನೇ ಸ್ನೇಹಿತನಿಗೂ ಹೇಳದೆ ಬಾಗಿಲ ತನಕ ಬಂದು ಬೀಳ್ಕೊಟ್ಟರು. ಓಣಿಯ ತಿರುವಿನಲ್ಲಿ ಕಾಜಿಗಳು ಮರೆಯಾದ ಮೇಲೂ ಹೊಸ್ತಿಲಲ್ಲೇ ನಿಂತಿದ್ದರು.

ಮಂಗಳವಾರ ದರ್ಬಾರು ಕಿಕ್ಕಿರಿಯಿತು. ವಜೀರ ಸಫ್ದರ ಬೇಗರು ಪ್ರತಿಯನ್ನು ಕೈಯಲ್ಲಿ ಹಿಡಿದು ಕಂಚಿನ ಕಂಠದಲ್ಲಿ ಓದಿದರು: “‘ಸುನ್ನಿಗಳು ಹೇಳುವುದೇನೆಂದರೆ, ಈ ವಾಕ್ಯ ಇಳಿದದ್ದು ಮಕ್ಕಾದಲ್ಲಿ. ಆಗಿನ್ನೂ ಆ ಮೊಮ್ಮಕ್ಕಳು ಹುಟ್ಟಿರಲಿಲ್ಲ. ಹುಟ್ಟದವರ ಪ್ರೀತಿಯನ್ನು ಅಂದಿನ ಜನರಿಂದ ಬೇಡುವುದು ಹೇಗೆ? ಆದುದರಿಂದ ಇದು ಮಕ್ಕಾದ ಸಮಸ್ತ ನೆಂಟರಿಗೂ ಹೇಳಿದ ಮಾತು.’ ಕೇಳಿದಿರಾ! ಜಹಾಂಪನಾ, ತಮ್ಮ ಫರ್ಮಾನು ಹೊರಟ ಮೇಲೆಯೂ ಇಂಥ ಪುಸ್ತಕ ಈ ನಗರದಲ್ಲಿತ್ತು. ಎಲ್ಲ ಸರದಾರರ ಮುಂದೆ ಕುರಾನಿನ ಆಣೆಯಾಗಿ ಬೇಡುತ್ತೇನೆ, ಈ ಪುಟ ಬರೆದ ಕೈ ಯಾವುದೇ ಇರಲಿ, ಎಷ್ಟೇ ದೊಡ್ಡವನದಿರಲಿ, ಅದು ಮೈಮೇಲಿರಬಾರದು. ಅಪ್ಪಣೆಯಾಗಲಿ.”

ಇರಾನಿ ಸರದಾರರೆಲ್ಲ ಹೌದುಹೌದೆಂದು ಕತ್ತಿಯ ಹಿಡಿ ಬಡಿದರು. ಸುಲ್ತಾನರು ತಾಯಿಯ ನೆನಪಿನಲ್ಲಿ ಕೆಂಪಾದ ಕಣ್ಣೆತ್ತಿ ತಲೆಯಾಡಿಸಿದರು. ಅಪ್ಪಣೆ ಬರೆದಾಯಿತು, ಮೊಹರು ಬಿತ್ತು.

ಕಾಜಿ ಬುರ್ಹಾನುದ್ದೀನರ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. ಮಾತು ತಮ್ಮದೆಂದು ಅವರಿಗೆ ಗೊತ್ತು. ಎದ್ದು ನಿಂತು “ಜಹಾಂಪನಾ...” ಎಂದರು.

ಅಷ್ಟರಲ್ಲಿ ಬೆಳ್ಳಿ ಕೋಲಿನ ಚೋಪದಾರನು ಮೂಲ ಪುಸ್ತಕವನ್ನು ಮೀರ್ ಸಾಹೇಬರ ಕೈಗೆ ಕೊಟ್ಟಿದ್ದನು. ಮುದುಕರು ಎಡಗೈಯೆತ್ತಿ ತಡೆದರು. “ಕಾಜಿ ಸಾಹೇಬರೆ, ಕೈಯ ಗುರುತು ಹೇಳುವವರೆಗೆ ಯಾರೂ ಬಾಯಿ ತೆರೆಯಬಾರದು. ಆಸ್ಥಾನದ ನಿಯಮ ನಿಮಗೆ ತಿಳಿಯದ್ದಲ್ಲ.” ಆಮೇಲೆ ಪುಟ ಬಿಡಿಸಿ ನೋಡಿ, ಪೇಟೆಯಲ್ಲಿ ಬದನೆಕಾಯಿಯ ಬೆಲೆ ಹೇಳಿದಷ್ಟು ಸಹಜವಾಗಿ ಹೇಳಿದರು: “ಇದು ನನ್ನ ಕೈ.”

ಕತ್ತಿಯ ಹಿಡಿ ಬಡಿದಿದ್ದ ಸರದಾರರು ಒಬ್ಬರ ಮುಖವನ್ನೊಬ್ಬರು ನೋಡಿದರು.

“ಮೀರ್ ಸಾಹೇಬರೆ!” ಎಂದು ವಜೀರರು ಎರಡು ಹೆಜ್ಜೆ ಮುಂದೆ ಬಂದರು. “ಸರಿಯಾಗಿ ನೋಡಿ. ವಯಸ್ಸಾದ ಕಣ್ಣು...”

“ಕಣ್ಣಿಗೆ ವಯಸ್ಸಾಗಿದೆ ವಜೀರ ಸಾಹೇಬರೆ, ಆದರೆ ಐವತ್ತು ವರ್ಷ ಬರೆದ ಅಕ್ಷರ ಮರೆಯುವಷ್ಟಲ್ಲ. ಸಂಶಯವಿದ್ದರೆ ಜಹಾಂಪನಾರೇ ನೋಡಲಿ. ಅವರಿಗೆ ಅಕ್ಷರ ತೀಡಿಸಿದ್ದು ಇದೇ ಕೈ.”

ಪುಸ್ತಕ ಸಿಂಹಾಸನದ ಬಳಿಗೆ ಹೋಯಿತು. ಸುಲ್ತಾನರು ಒಂದು ಸಾಲು ನೋಡಿದರು, ಸಾಕಾಯಿತು. “ಉಸ್ತಾದ್,” ಎಂದರು, ದನಿ ಮಗುವಿನದಾಗಿತ್ತು. “ನೀವು ನಮ್ಮಮ್ಮನ ಜೊತೆಗೆ ಬಂದವರು. ಈ ಮಾತನ್ನು ನೀವು ನಂಬುತ್ತೀರಾ?”

“ಹುಜೂರ್, ವಜೀರರು ಕೇಳಿದ್ದು ಕೈಯನ್ನು. ನಂಬಿಕೆಯನ್ನು ಕೇಳುವವನು ಮೇಲಿದ್ದಾನೆ, ಅವನಿಗೆ ಹೇಳಿಕೊಳ್ಳುತ್ತೇನೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕುರಾನಿನ ಆಣೆಯಿಟ್ಟು ಕೇಳಿಕೊಂಡ ಶಿಕ್ಷೆಯನ್ನು ವಜೀರರು ಅದೇ ಸರದಾರರ ಎದುರು ಹೇಗೆ ಹಿಂತೆಗೆದುಕೊಂಡಾರು? ಮೊಹರು ಬಿದ್ದ ಅಪ್ಪಣೆಯನ್ನು ಅಷ್ಟು ಎಳೆಯ ಸುಲ್ತಾನರು ಹೇಗೆ ಹರಿದಾರು? ಕಾಜಿಗಳು ಮಾತ್ರ ಇನ್ನೂ ನಿಂತೇ ಇದ್ದರು. ಸಿಪಾಯಿಗಳ ನಡುವೆ ನಡೆಯುತ್ತ ಮೀರ್ ಸಾಹೇಬರು ಅವರ ಹತ್ತಿರ ಒಂದು ಗಳಿಗೆ ನಿಂತರು.

“ಶುಕ್ರವಾರ ಬರಲಿದೆ,” ಎಂದರು ಮೆಲ್ಲಗೆ. “ಆ ಹುಡುಗನಿಗೆ ಎರಡು ಕಣ್ಣಿವೆ. ನನ್ನದು ಒಂದೇ ಕೈ. ಕೂತುಕೊಳ್ಳಿ.”

ಕಾಜಿಗಳು ಕೂತರು. ಜನ್ಮದಲ್ಲಿ ಯಾರ ಮುಂದೂ ತಗ್ಗದ ಆ ದನಿ ಅಂದು ಹೊರಡಲಿಲ್ಲ. ತಮ್ಮ ಮೇಲೆ ತಮಗೇ ಹೇಸಿಗೆಯಾಗಿ, ಗಡ್ಡದ ಮೇಲೆ ಕಣ್ಣೀರಿಳಿಯುತ್ತಿದ್ದರೂ ಒರೆಸಿಕೊಳ್ಳದೆ ಕೂತಿದ್ದರು.

ಬಲಗೈ ಕಡಿದ ಆ ಪೆಟ್ಟನ್ನು ಎಪ್ಪತ್ತರ ದೇಹ ತಾಳಲಿಲ್ಲ. ಕಾದ ಎಣ್ಣೆಯಲ್ಲಿ ಗಾಯ ಸುಟ್ಟರೂ ಜ್ವರ ಏರಿತು. ಕಾಜಿಗಳು ಎರಡು ದಿನ ಆ ತಗ್ಗು ಮನೆ ಬಿಟ್ಟು ಕದಲಲಿಲ್ಲ. ರೋಗಿಯು ಬಹಳ ಹೊತ್ತು ಫಾರಸಿಯಲ್ಲಿ ತಂಗಿಯೊಡನೆ ಮಾತಾಡುತ್ತಿದ್ದರು, ಯಾವುದೋ ದಾಳಿಂಬೆ ತೋಟದ ಬಾಗಿಲು ಹಾಕಿದ್ದೀಯಾ ಎಂದು ಕೇಳುತ್ತಿದ್ದರು. ಗುರುವಾರ ಬೆಳಿಗ್ಗೆ ಕಣ್ಣು ತಿಳಿಯಾಯಿತು.

“ಶಿರಾಜಿಗೆ ಒಂದು ಪತ್ರ ಬರೆಯಬೇಕು ಕಾಜಿ ಸಾಹೇಬರೆ. ನನಗಿನ್ನು ಬರೆಯಲಾಗದು.”

“ಏನೆಂದು ಬರೆಯಲಿ?”

“ಮಾವ ಬರುವುದಿಲ್ಲವೆಂದು.”

“ಯಾಕೆ ಹೀಗೆ ಮಾಡಿದಿರಿ?” ಎಂದು ಕಾಜಿಗಳು ಬಿಕ್ಕಿದರು. “ನಾನು ನಿಮಗೆ ಏನಾಗಬೇಕು? ನಿಮ್ಮ ಪಂಥದವನಲ್ಲ, ನಿಮ್ಮ ದೇಶದವನಲ್ಲ...”

ಮೀರ್ ಸಾಹೇಬರು ಎಡಗೈಯಿಂದ ಅವರ ತೋಳನ್ನು ಹಿಡಿದರು. ನಡುಮಧ್ಯಾಹ್ನಕ್ಕೆ ಹಿಡಿತ ಸಡಿಲವಾಯಿತು.

ಇನ್ನು ಮಣ್ಣು ಮಾಡುವ ಸಂಕಟ ಕೇಳಿರಿ. ಪ್ರವಾದಿಗಳ ಮನೆತನವನ್ನು ಹೀಗಳೆದವನ ಶವಕ್ಕೆ ನಾವು ಬರುವುದಿಲ್ಲವೆಂದು ಶಿಯಾ ಮುಲ್ಲಾಗಳು ಬಾಗಿಲು ಹಾಕಿಕೊಂಡರು. ಶಿಯಾನ ಶವವನ್ನು ಶಿಯಾಗಳೇ ನೋಡಿಕೊಳ್ಳಲೆಂದು ಸುನ್ನಿ ಮಸೀದಿಯವರು ಮುಖ ತಿರುಗಿಸಿದರು. ಅರ್ಧ ನಗರದ ಗೋಡೆಗಳ ಮೇಲೆ ದೇವರ ಹೆಸರು ಬರೆದವನಿಗೆ ಹೆಗಲು ಕೊಡುವವರಿಲ್ಲ! ಕೊನೆಗೆ ಓಣಿಯ ಕಲ್ಲುಕುಟಿಗ ಮೋನಪ್ಪನು ಉಳಿ ಸುತ್ತಿಗೆ ಕೆಳಗಿಟ್ಟು ಮೂವರನ್ನು ಕರೆದುಕೊಂಡು ಬಂದ.

“ಮೂವತ್ತ ವರ್ಷ ಅವ್ರು ಬರದದ್ದನ್ನ ನಾವು ಕಡದೇವ್ರಿ ಸಾಹೇಬ್ರ,” ಎಂದ. “ಓದಾಕ ಬರಂಗಿಲ್ಲ, ಆದ್ರ ಅವ್ರ ಕೈ ನಮಗ ಗೊತ್ತೈತಿ. ಕುಣಿ ನಾವು ತೋಡ್ತೀವಿ, ಹೆಗಲೂ ನಾವ ಕೊಡ್ತೀವಿ. ನಿಮ್ಮ ಶಾಸ್ತ್ರ ಏನೈತಿ, ಅದಷ್ಟು ನೀವು ಮಾಡ್ರಿ.”

ಊರ ಹೊರಗಿನ ಬಯಲಿನಲ್ಲಿ ಕುಣಿ ಸಿದ್ಧವಾಯಿತು. ಕಾಜಿಗಳು ಶವದ ಮುಂದೆ ಒಬ್ಬರೇ ನಿಂತು ನಮಾಜು ಮಾಡಿದರು. ತಮ್ಮ ಪಂಥದಂತೆ ನಾಲ್ಕು ಬಾರಿಯಲ್ಲ, ಸತ್ತವರ ಪಂಥದಂತೆ ಐದು ಬಾರಿ ‘ಅಲ್ಲಾಹು ಅಕ್ಬರ್’ ಎಂದರು. ಆಮೇಲೆ ತಾವೇ ಕುಣಿಗೆ ಇಳಿದರು. ಶಿಯಾಗಳಲ್ಲಿ ಒಂದು ಪದ್ಧತಿಯುಂಟು: ಗೋರಿಯಲ್ಲಿ ಮಲಗಿಸಿದವನ ಹೆಗಲು ಹಿಡಿದು ಅಲುಗಿಸಿ, ಅವನ ಹೆಸರನ್ನೂ ತಂದೆಯ ಹೆಸರನ್ನೂ ಕರೆದು, ಅವನ ನಂಬಿಕೆಯನ್ನು ಅವನಿಗೆ ಕೊನೆಯ ಬಾರಿ ನೆನಪಿಸುವುದು. ಮೀರ್ ಸಾಹೇಬರ ತಂದೆಯ ಹೆಸರು ಆ ಮಹಾನಗರದಲ್ಲಿ ಗೊತ್ತಿದ್ದದ್ದು ಒಬ್ಬರಿಗೇ.

“ಕೇಳು, ತಿಳಿದುಕೋ, ಸದ್ರುದ್ದೀನರ ಮಗನೇ ಕವಾಮುದ್ದೀನ್!” ಎಂದಿತು ತಗಡು ಬಡಿದಂಥ ದನಿ, ಮೂರು ಬಾರಿ. “ದೇವರು ನಿನ್ನ ಒಡೆಯ, ಮುಹಮ್ಮದರು ನಿನ್ನ ಪ್ರವಾದಿ, ಅಲಿ ನಿನ್ನ ಇಮಾಮ...” ಅಲ್ಲಿಂದ ಮುಂದೆ ಒಬ್ಬೊಬ್ಬರಾಗಿ ಹನ್ನೆರಡೂ ಇಮಾಮರ ಹೆಸರನ್ನು, ಒಂದೂ ತಡವರಿಸದೆ, ಆ ಸುನ್ನಿ ಕಾಜಿ ಹೇಳಿ ಮುಗಿಸಿದರು.

ತಲೆಯೆತ್ತಿದಾಗ ಕುಣಿಯ ಅಂಚಿನಲ್ಲಿ ಸುಲ್ತಾನ ಕಮಾಲ ಶಾಹರು ನಿಂತಿದ್ದರು. ದೂರದಲ್ಲಿ ಎರಡೇ ಕುದುರೆ. ಕಂಕುಳಲ್ಲಿ ಆ ಪುಸ್ತಕ.

“ಎರಡು ದಿನ ಓದಿದೆ,” ಎಂದರು ಸುಲ್ತಾನರು. “ನಿಮ್ಮ ಮಾತೆಲ್ಲ ಉಸ್ತಾದರ ಕೈಯಲ್ಲಿದೆ. ನಮ್ಮಮ್ಮ ನಂಬಿದ್ದೆಲ್ಲ ನಿಮ್ಮ ಕೈಯಲ್ಲಿದೆ. ಆಕೆಯೂ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ನಾನು ಎಷ್ಟು ದೊಡ್ಡ ಮೂರ್ಖನೆಂದು ತಿಳಿಯಲು ಎರಡು ದಿನ ಹಿಡಿಯಿತು ಕಾಜಿ ಸಾಹೇಬರೆ. ಇಲಿಯಾಸನನ್ನು ಬುರುಜಿನಿಂದ ಇಳಿಸಿದ್ದೇನೆ. ಸಫ್ದರ ಬೇಗ ನದಿ ದಾಟಿರಬೇಕು ಈ ಹೊತ್ತಿಗೆ. ಆ ಫರ್ಮಾನೂ ಈಗ ಇಲ್ಲ.”

ಕಾಜಿಗಳು ಮೋನಪ್ಪನ ಕೈ ಹಿಡಿದು ಮೇಲೆ ಬಂದರು. ಎರಡು ದಿನ ತಡವಾಯಿತು ಹುಜೂರ್ ಎಂದು ಹೇಳುವ ಮನಸ್ಸಾಯಿತು. ಆ ಎಳೆಯ ಮುಖ ನೋಡಿ ಹೇಳಲಿಲ್ಲ.

ಹಲಗೆ ಮುಚ್ಚಿದರು. ಸುಲ್ತಾನರು ಬರಿಗಾಲಲ್ಲಿ ನಿಂತು ಮೂರು ಹಿಡಿ ಮಣ್ಣು ಹಾಕಿ, ಅಳುತ್ತ, ಬುಟ್ಟಿಯನ್ನು ಕಾಜಿಗಳ ಕಡೆ ನೀಡಿದರು. ಮೂರು ಹಿಡಿ ಮಣ್ಣು ಹಾಕುವುದು ಸುನ್ನಿಗಳಲ್ಲಿ ಸತ್ತವರಿಗೆ ಸಲ್ಲಿಸುವ ಕೊನೆಯ ಮರ್ಯಾದೆ. ಕಾಜಿಗಳು ಕೈ ಚಾಚಲಿಲ್ಲ.

“ಹಾಕುವುದಿಲ್ಲವೇ?” ಎಂದರು ಸುಲ್ತಾನರು.

“ಅವರ ಪಂಥದಲ್ಲಿ ಹತ್ತಿರದ ಬಂಧುಗಳು ಮಣ್ಣು ಹಾಕುವುದಿಲ್ಲ, ಜಹಾಂಪನಾ,” ಎಂದು ಕಾಜಿ ಬುರ್ಹಾನುದ್ದೀನರು ಕೈಕಟ್ಟಿ ಹಿಂದೆ ಸರಿದು ನಿಂತರು. “ನೀವು ಹಾಕಿರಿ. ಮೋನಪ್ಪ ಹಾಕಲಿ. ನಾನು ಹಾಕಬಾರದು.”